ಕುಣಿಯ ಗೂಡಿನ ಕನ್ನಡಿ

ಮೊನ್ನೆ ಬೆಟಗೇರಿಯ ಬಸ್ ನಿಲ್ದಾಣದ ಹತ್ತಿರ ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆ ಸುಡುವ ಗಾಡಿ ನಿಂತಿತ್ತು. ಆಗಷ್ಟೇ ಮಳೆ ಬಂದು ಹೋಗಿತ್ತು. ಗಾಡಿಯವನು ರಟ್ಟಿನ ಚೂರಿನಿಂದ ಇದ್ದಲಿಗೆ ಗಾಳಿ ಹಾಕುತ್ತಿದ್ದ. ಜನ ಸುತ್ತ ನಿಂತು ಬಿಸಿ ತೆನೆಗೆ ಉಪ್ಪು ಖಾರ ಸವರಿಸಿಕೊಳ್ಳುತ್ತಿದ್ದರು. ಕೆಂಡದ ಮೇಲೆ ಸಿಪ್ಪೆಯ ನಾರು ಬಿದ್ದು ಚಿಟ್ಟೆಂದಿತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಆಟೋಗಳ ನಡುವೆ ನುಸುಳಿ ರಸ್ತೆಯ ಆಚೆ ಬದಿಗೆ ಹೋಗಿಬಿಟ್ಟೆ. ತೆನೆ ನನಗೆ ಬೇಡ ಅಂತಲ್ಲ. ಇದ್ದಲಿಯ ಹೊಗೆಯಲ್ಲಿ ಏನಾದರೂ ಸುಟ್ಟ ವಾಸನೆ ಸೇರಿದರೆ ಹನ್ನೆರಡು ವರ್ಷದಿಂದ ನನಗೆ ಹಾಗೇ ಆಗುತ್ತದೆ. ನಿಂತ ಜಾಗದಲ್ಲಿ ನಿಲ್ಲಲಾಗುವುದಿಲ್ಲ... ಅಣ್ಣ ನೆನಪಾಗುತ್ತಾನೆ.

ನಮ್ಮ ಅಪ್ಪ ಅವ್ವನಿಗೆ ನಾವಿಬ್ಬರೇ ಮಕ್ಕಳು. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವ ರೂಢಿ ನನಗಿಲ್ಲ, ಆದರೆ ಇದನ್ನು ಬರೆಯದೆ ಹೋದರೆ ಅಣ್ಣನ ಕಥೆ ಅವನು ಹೇಳಿದಂತೆಯೇ ಉಳಿದುಹೋಗುತ್ತದೆ. ಅವನು ಹೇಳಿದ್ದರಲ್ಲಿ ಒಂದು ಸುಳ್ಳಿತ್ತು. ಅದು ನನ್ನ ಸಲುವಾಗಿ ಹೇಳಿದ ಸುಳ್ಳು.

ನನ್ನನ್ನು ಹಿರೇಹಂದಿಗೋಳಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಕಾರ್ಯ ಮುಗಿದ ಮರುದಿನ ಅಣ್ಣ ಬಂದು ಅಂಗಳದಲ್ಲಿ ನಿಂತು, "ಟ್ರಂಕ್ ತುಂಬಕೋ, ನಡಿ" ಎಂದ. ಅಷ್ಟೇ ಮಾತು. ಬೆಟಗೇರಿಯ ನಮ್ಮ ಓಣಿಯಲ್ಲಿ ಅವನ ಮನೆಯ ಎದುರಿಗೇ ಒಂದು ಕೋಣೆ ಹಿಡಿದುಕೊಟ್ಟ. ವೈನಿ, ಅಂದರೆ ಅಣ್ಣನ ಹೆಂಡತಿ, ಮೊದಲ ದಿನವೇ ನೂಲು ಸುತ್ತುವ ರಾಟಿಯನ್ನು ನನ್ನ ಮುಂದಿಟ್ಟಳು. ಅಂದಿನಿಂದ ಅಣ್ಣನ ಮಗ್ಗಕ್ಕೆ ಕಂಡಿಕೆ ಸುತ್ತುವುದು ನನ್ನ ಕೆಲಸವಾಯಿತು. ಕಂಡಿಕೆ ಎಂದರೆ ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಅದು ಸಡಿಲಾದರೆ ಸೀರೆ ಸಡಿಲು, ಬಿಗಿಯಾದರೆ ಎಳೆ ಹರಿಯುತ್ತದೆ. ಅಣ್ಣ ಒಂದು ದಿನವೂ ನನ್ನ ಕಂಡಿಕೆಗೆ ಸರಿಯಿಲ್ಲ ಎಂದು ಹೆಸರಿಡಲಿಲ್ಲ.

ನಮ್ಮದು ಕುಣಿಮಗ್ಗ. ನೆಲದಲ್ಲಿ ಮೊಳಕಾಲು ಮುಳುಗುವಷ್ಟು ಕುಣಿ ತೋಡಿರುತ್ತಾರೆ. ನೇಯುವವರು ಕುಣಿಯ ದಡದ ಮೇಲೆ ಕುಳಿತು ಬರಿಗಾಲನ್ನು ಒಳಗೆ ಇಳಿಬಿಟ್ಟು, ಕೆಳಗಿರುವ ಎರಡು ಹಲಗೆಗಳನ್ನು ಒಂದರ ನಂತರ ಒಂದು ತುಳಿಯುತ್ತಾರೆ. ಆಗ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ಓಡುತ್ತದೆ. ನೋಡುವವರು ಕೈಯನ್ನೇ ನೋಡುತ್ತಾರೆ. ಅಣ್ಣ ಮಾತ್ರ ಬೇರೆ ಹೇಳುತ್ತಿದ್ದ.

"ಕೈ ತಪ್ಪಿದ್ರ ನೇಯಾಂವಗ ಕಾಣತೈತಿ. ಕಾಲು ತಪ್ಪಿದ್ರ ಸೀರಿ ಉಟ್ಟಾಕಿಗೆ ಕಾಣತೈತಿ."

ಅವನ ಕಾಲು ತಪ್ಪುತ್ತಿರಲಿಲ್ಲ. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಧಣಿ ಸಣ್ಣ ಎಳೆಯ ನೂಲು ಬಂದರೆ ಬೇರೆ ಯಾರಿಗೂ ಕೊಡದೆ ನೇರ ನಮ್ಮ ಮನೆಗೆ ಕಳಿಸುತ್ತಿದ್ದ. ಓಣಿಯಲ್ಲಿ ನಡೆದು ಹೋಗುವವರು ಒಂದು ಗಳಿಗೆ ನಿಂತು ನಮ್ಮ ಮಗ್ಗದ ಸಪ್ಪಳ ಕೇಳಿ ಹೋಗುತ್ತಿದ್ದರು. ಅದು ಗಡಿಯಾರದ ಹಾಗೆ ಒಂದೇ ಸಮ ಇರುತ್ತಿತ್ತು. ನಾನು ಅಂಥವನ ತಂಗಿ ಎಂದು ನನಗೆ ಸೊಕ್ಕು ಇತ್ತು. ಈಗಲೂ ಇದೆ.

ಬೇನೆ ಯಾವಾಗ ಬಂತೋ ಯಾರಿಗೂ ತಿಳಿಯಲಿಲ್ಲ. ಈಗ ನೆನೆದರೆ ಎಲ್ಲವೂ ಕಣ್ಣ ಮುಂದೆಯೇ ಇತ್ತು. ಅಣ್ಣ ಗಡಿಗೆಗಟ್ಟಲೆ ನೀರು ಕುಡಿಯುತ್ತಿದ್ದ. ಗಂಟೆಗೊಮ್ಮೆ ಕುಣಿಯಿಂದೆದ್ದು ಹಿತ್ತಲಿಗೆ ಹೋಗುತ್ತಿದ್ದ. ಊಟ ಮೊದಲಿನಷ್ಟೇ ಮಾಡಿದರೂ ತೋಳು ಸೊರಗಿದ್ದವು, ಹೊಟ್ಟೆ ಮಾತ್ರ ಹಾಗೇ ಇತ್ತು. ಬಿಸಿಲು ಜಾಸ್ತಿ ಅಂದುಕೊಂಡೆವು. ಸಕ್ಕರೆ ಬೇನೆ ಅಂದರೆ ಸಾಹುಕಾರರ ಬೇನೆ, ಗಾದಿಯ ಮೇಲೆ ಕುಳಿತು ಪೇಡೆ ತಿನ್ನುವವರಿಗೆ ಬರುವುದು ಎಂದು ನಮ್ಮ ಓಣಿಯ ತಿಳುವಳಿಕೆ. ರೊಟ್ಟಿ ತಿನ್ನುವ ನೇಕಾರನಿಗೆ ಅದು ಎಲ್ಲಿಂದ ಬರಬೇಕು?

ಒಂದು ದಿನ ಅಣ್ಣ ಗದಗಿನ ಸಂತೆಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ವೈನಿ ಬಾಗಿಲಲ್ಲೇ ನಕ್ಕುಬಿಟ್ಟಳು.

"ಇನ್ನೊಂದು ಯಾರಿಗೆ ದಾನಾ ಮಾಡಿ ಬಂದ್ರಿ?"

"ಅದೂ ಬರತೈತಿ, ಹಿಂದಿನ ಬಸ್ಸಿಗೆ" ಎಂದ ಅಣ್ಣ.

ವೈನಿ ಒಳಗೆ ಹೋದ ಮೇಲೆ ಅವನು ನನ್ನ ರಾಟಿಯ ಹತ್ತಿರ ಬಂದು ಕುಳಿತ. ಮುಖದ ನಗು ಹೋಗಿತ್ತು.

"ತಂಗೀ, ಚಪ್ಪಲಿ ಎಲ್ಲಿ ಬಿತ್ತೋ ನನಗ ಗೊತ್ತಾಗಲಿಲ್ಲ. ಅರ್ಧಾ ದಾರಿ ಬರಿಗಾಲಲೆ ಬಂದೇನಿ, ಅದೂ ಗೊತ್ತಾಗಲಿಲ್ಲ. ಕಾಲು ಜೋಮು ಹಿಡದಾವ. ಯಾರ ಮುಂದನೂ ಅನಬ್ಯಾಡ."

ಅವನ ಅಂಜಿಕೆ ನನಗೆ ಅರ್ಥವಾಗಿತ್ತು. ಆಗ ಮಗ್ಗದ ಮೇಲೆ ಧಣಿ ಕೊಟ್ಟ ಸಣ್ಣ ಎಳೆಯ ಸೀರೆ ಅರ್ಧವಾಗಿತ್ತು. ಕಾಲು ಸೋತಿತು ಎಂಬ ಸುದ್ದಿ ಓಣಿಯಲ್ಲಿ ಹಬ್ಬಿದರೆ ಅಂಥ ನೂಲು ಮತ್ತೆ ನಮ್ಮ ಮನೆಗೆ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ವೈನಿಗೂ ಹೇಳದ ಮಾತನ್ನು ಅಣ್ಣ ನನಗೆ ಹೇಳಿದ್ದ. ಅದು ನನಗೆ ದೊಡ್ಡಸ್ತಿಕೆ ಅನ್ನಿಸಿತು. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಆ ಗುಟ್ಟನ್ನು ಕಟ್ಟಿಕೊಂಡೆ.

ಜೋಮು ನಮಗೆ ಹೊಸದಾಗಿರಲಿಲ್ಲ. ಅದಕ್ಕೆ ನಮ್ಮಲ್ಲಿ ಕುಣಿಜೋಮು ಅಂತಲೇ ಹೆಸರಿತ್ತು. ಕುಣಿಯ ಮಣ್ಣು ಥಂಡಿ, ದಿನವಿಡೀ ಕಾಲು ಅದರಲ್ಲೇ ಇಳಿಬಿದ್ದಿರುತ್ತವೆ, ಜೋಮು ಹಿಡಿಯದೆ ಇರುತ್ತದೆಯೇ ಎಂದು ಎಲ್ಲರೂ ಅನ್ನುತ್ತಿದ್ದರು. ಅಪ್ಪನಿಗೂ ಇತ್ತು. ಚಳಿಗಾಲದಲ್ಲಿ ಅವ್ವ ಶೇಗಡಿಯಲ್ಲಿ, ಅಂದರೆ ಕಬ್ಬಿಣದ ಸಣ್ಣ ಇದ್ದಲಿ ಒಲೆಯಲ್ಲಿ, ನಾಲ್ಕು ಕೆಂಡ ಹಾಕಿ ಅಪ್ಪನ ಕುಣಿಯ ಮೂಲೆಯಲ್ಲಿ ಇಡುತ್ತಿದ್ದಳು. "ಹಾಂ, ಈಗ ಕಾಲಿಗೆ ಜೀವ ಬಂತು" ಎಂದು ಅಪ್ಪ ಅನ್ನುತ್ತಿದ್ದದ್ದು ನನ್ನ ಕಿವಿಯಲ್ಲಿದೆ. ಅಪ್ಪನ ಕಾಲಿನ ಗಾಯ ಕೊನೆಗೂ ಮಾಯದೆ ಅವನು ಹೋದದ್ದೂ ನೆನಪಿದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ...

ಸಂಕ್ರಾಂತಿಯ ಹಿಂದುಮುಂದಿನ ಚಳಿ. ವೈನಿ ಲಕ್ಷ್ಮೇಶ್ವರಕ್ಕೆ ತವರಿಗೆ ಹೋಗಿದ್ದಳು, ಸಂಜೆಗೆ ಬರುವವಳು. ನಾನು ಅಟ್ಟದ ಮೇಲಿದ್ದ ಅವ್ವನ ಶೇಗಡಿ ಇಳಿಸಿದೆ. ತೊಳೆದು, ಇದ್ದಲಿ ಹಚ್ಚಿ, ಕೆಂಡ ಕೆಂಪಾದ ಮೇಲೆ ಕುಣಿಯೊಳಗೆ ಬಗ್ಗಿ ಅಣ್ಣನ ಬಲಗಾಲಿನ ಪಕ್ಕಕ್ಕೆ ಇಟ್ಟೆ. ಅಣ್ಣ ಬೇಡ ಎಂದ. "ಬಿಸಿ ತಟ್ಟಿದ್ರ ಜೋಮು ಬಿಡತೈತಿ, ಸುಮ್ಕಿರು" ಎಂದೆ ನಾನು. ಅವನು ಸುಮ್ಮನಾದ. ನನ್ನ ಮಾತಿಗೆ ಸುಮ್ಮನಾದ.

ಮಗ್ಗದ ಸಪ್ಪಳ ಒಂದೇ ಸಮ ನಡೆದಿತ್ತು. ನಾನು ಕಂಡಿಕೆ ಸುತ್ತುತ್ತಿದ್ದೆ. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ನೂಲಿನ ತುಂಡು ಕೆಂಡಕ್ಕೆ ಬಿದ್ದಿರಬೇಕು ಅಂದುಕೊಂಡೆ. ಇನ್ನೊಂದು ಕಂಡಿಕೆ ಸುತ್ತಿದೆ. ವಾಸನೆ ಜಾಸ್ತಿಯಾಯಿತು. ಆಮೇಲೆ ಎದ್ದು ಹೋಗಿ ಬಗ್ಗಿ ನೋಡಿದೆ. ಅಣ್ಣ ಹಲಗೆ ತುಳಿಯುವಾಗೆಲ್ಲ ಅವನ ಪಾದದ ಹೊರಬದಿ ಶೇಗಡಿಯ ಕಾದ ಅಂಚಿಗೆ ತಾಗಿ ತಾಗಿ ಬರುತ್ತಿತ್ತು. ಅವನು ಸೀರೆಯ ದಡಿಯ ಎಳೆ ನೋಡುತ್ತ ನೇಯುತ್ತಲೇ ಇದ್ದ. ಅವನ ಮುಖದಲ್ಲಿ ನೋವಿನ ಸುಳಿವೂ ಇರಲಿಲ್ಲ...

ಆ ಮುಖವನ್ನು ನಾನು ಮರೆಯಲಾರೆ. ಕಿರುಚಿದವಳು ನಾನು. ಅವನಲ್ಲ.

ಇಷ್ಟಾದ ಮೇಲಾದರೂ ನಾನು ಹೇಳಬೇಕಿತ್ತು. ಹೇಳಲಿಲ್ಲ. ಅರಿಷಿಣ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ ಹಳೆಯ ಪಂಚೆಯ ಅರಿವೆ ಸುತ್ತಿದೆ. "ನಾಲ್ಕ ದಿನದಾಗ ಒಣಗತೈತಿ" ಎಂದೆ. ಸೀರೆ ಮುಗಿಯಲಿ ಎಂದ ಅಣ್ಣ. ನಾನೂ ಮುಗಿಯಲಿ ಎಂದೆ. ವೈನಿ ಬಂದು ಕೇಳಿದಾಗ, ಕುಣಿಯ ದಡ ತರಚಿತು ಎಂದು ಹೇಳಿದವಳು ನಾನೇ. ಏಳನೆಯ ದಿನ ವೈನಿಗೆ ವಾಸನೆ ಬಂತು. ಅರಿವೆ ಬಿಚ್ಚಿದಳು. ಕಿರುಬೆರಳು, ಅದರ ಪಕ್ಕದ ಬೆರಳು ಇದ್ದಲಿಯ ಹಾಗೆ ಕಪ್ಪಾಗಿದ್ದವು.

ಗದಗಿನ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರಮ್ಮ, ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದಳು ವೈನಿ. ಐದಾರು ವರ್ಷದಿಂದಾದರೂ ಇರಬೇಕು ಎಂದರು ಅವರು. ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಉಳಿದರೆ ಕಾಲಿನ ನರ ಮೊದಲು ಮಂಕಾಗುತ್ತವೆ, ಮುಳ್ಳು ಚುಚ್ಚಿದರೂ ಕೆಂಡ ಸುಟ್ಟರೂ ಸುದ್ದಿ ತಲೆಗೆ ಮುಟ್ಟುವುದಿಲ್ಲ, ರಕ್ತ ಓಡುವ ದಾರಿಯೂ ಕಿರಿದಾಗಿ ಗಾಯ ಮಾಯುವುದಿಲ್ಲ ಎಂದು ತಿಳಿಸಿ ಹೇಳಿದರು. ಆಮೇಲೆ ಕೇಳಿದರು:

"ಬೆಂಕಿ ಕಾಲ ಹತ್ರ ಇಟ್ಟವರು ಯಾರು?"

ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಹಾಸಿಗೆಯ ಮೇಲಿಂದ, "ನಾನ ಇಟಗೊಂಡಿದ್ದೆರಿ. ಥಂಡಿ ಆಗತಿತ್ತು. ಮನ್ಯಾಗ ಹೇಳಬ್ಯಾಡ ಅಂದಾಂವನೂ ನಾನ" ಎಂದ. ನನ್ನ ಕಡೆ ನೋಡಲಿಲ್ಲ. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಬಲಗಾಲಿನ ಬೆರಳುಗಳ ಸಮೇತ ಅರ್ಧ ಪಾದ ತೆಗೆದರು.

ಇನ್ನು ನನ್ನ ಅಣ್ಣನ ದೊಡ್ಡತನ ಹೇಳುತ್ತೇನೆ. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಆ ದಿನಗಳಲ್ಲಿ ಅವನು ಡಾಕ್ಟರಮ್ಮನನ್ನು ಕೇಳದ ಪ್ರಶ್ನೆಯಿಲ್ಲ. ಸಕ್ಕರೆ ತಿಂದದ್ದಕ್ಕೇ ಬಂತೇ ಎಂದು ಕೇಳಿದ. ಅದೊಂದೇ ಅಲ್ಲ, ತಂದೆತಾಯಿಗೆ ಇದ್ದರೆ ಮಕ್ಕಳಿಗೆ ಬರುವುದು ಜಾಸ್ತಿ, ಹೊಟ್ಟೆಯ ಬೊಜ್ಜು, ದಿನವಿಡೀ ಕುಳಿತಲ್ಲೇ ಕೂರುವುದು, ಎಲ್ಲ ಸೇರಿ ಬರುತ್ತದೆ ಎಂದರು. ಅಣ್ಣನಿಗೆ ಸಿಟ್ಟು ಬಂತು.

"ಕುಂತಿರೂದು ಅಂದ್ರ? ನಾ ದಿನಾ ಎಷ್ಟು ಸಲ ಹಲಗಿ ತುಳೀತೀನಿ ನೋಡ ಬರ್ರಿ ಮೇಡಮ್ಮಾರ."

"ಕಾಲು ಓಡ್ತಾವು, ನೀವು ಕೂತಿರ್ತೀರಿ" ಎಂದರು ಅವರು. "ದಿನಕ್ಕೆ ಚಹಾ ಎಷ್ಟು?"

ಅಣ್ಣ ಲೆಕ್ಕ ಹಾಕಿ ನಕ್ಕ. ಹತ್ತೋ ಹನ್ನೆರಡೋ, ಕುಳಿತಲ್ಲೇ, ಅದೂ ನನ್ನ ಕೈಯ ಚಹಾ. ಸಕ್ಕರೆ ಕಡಿಮೆಯಾದರೆ ಅಣ್ಣನಿಗೆ ಮಾಡಿದ ಮರ್ಯಾದೆ ಕಡಿಮೆಯಾಯಿತು ಎಂದು ತಿಳಿದು ಸುರಿಯುತ್ತಿದ್ದ ಚಹಾ...

ಮನೆಗೆ ಬಂದ ಮೇಲೆ ಅವನು ಗುಳಿಗೆ ಒಂದು ದಿನ ತಪ್ಪಿಸಲಿಲ್ಲ. ನಸುಕಿನಲ್ಲಿ ಕೋಲು ಊರಿ ಓಣಿಯ ತುದಿಯವರೆಗೆ ನಡೆಯುತ್ತಿದ್ದ. ಹಾಗಲಕಾಯಿ ರಸ ಕುಡಿದು ಗುಳಿಗೆ ಬಿಡು ಎಂದು ಬಂದವರಿಗೆ, "ರಸಾನೂ ಕುಡೀತೀನಿ, ಗುಳಿಗಿನೂ ನುಂಗತೀನಿ, ನಿಮ್ಮ ಮಾತ ಅಷ್ಟ ಬಿಡತೀನಿ" ಎಂದು ಕಳಿಸುತ್ತಿದ್ದ. ಮಗ್ಗದ ಮೇಲಿದ್ದ ಸೀರೆಯನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಧಣಿ ಬೇರೆಯವರ ಕೈಯಲ್ಲಿ ಮುಗಿಸುತ್ತೇನೆ ಎಂದರೂ ಕೊಡಲಿಲ್ಲ. ಬಡಿಗನನ್ನು ಕರೆಸಿ, ಕುಣಿಯ ಎರಡೂ ಹಲಗೆಗಳನ್ನು ಒಂದರ ಪಕ್ಕ ಒಂದು ಒತ್ತಿ ಕೂಡಿಸಿಕೊಂಡ. ಎಡಗಾಲೊಂದರಲ್ಲೇ ಎರಡನ್ನೂ ತುಳಿಯುವುದನ್ನು ಕಲಿತ. ಮೊದಲ ವಾರ ಗೇಣು ಬಟ್ಟೆಯೂ ಏಳಲಿಲ್ಲ. ಬೆವರು ಸುರಿಸಿ ಬೈದುಕೊಳ್ಳುತ್ತ ನೇಯ್ದ. ಆಮೇಲೆ ಒಂದು ಬೆಳಗ್ಗೆ ನಮ್ಮ ಮನೆಯಿಂದ ಮತ್ತೆ ಆ ಸಪ್ಪಳ ಕೇಳಿಸಿತು. ಮೊದಲಿಗಿಂತ ನಿಧಾನ, ಆದರೆ ಒಂದೇ ಸಮ. ಎದುರು ಮನೆಯ ಮುದುಕ ನೇಕಾರ ತನ್ನ ಮಗ್ಗ ನಿಲ್ಲಿಸಿ ಹೊರಗೆ ಬಂದು ನಿಂತ.

ನಿಂತ ಮಗ್ಗವನ್ನು ಬಹಳ ದಿನದ ಮೇಲೆ ಹಿಡಿದರೆ ನಿಂತ ಜಾಗದಲ್ಲಿ ಒಂದು ಗೆರೆ ಬೀಳುತ್ತದೆ. ಎಂಥ ನೇಕಾರನಿಗೂ ಅದು ಬೀಳುತ್ತದೆ. ಸೀರೆ ಮುಗಿದ ಮೇಲೆ ಧಣಿ ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಒಳಗೆ ಹೊರಗೆ ತಿರುಗಿಸಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ.

"ಎಲ್ಲಿ ನಿಂತಿತ್ತಪಾ ಇದು?"

"ಹುಡುಕ್ರಿ, ಧಣ್ಯಾರ" ಎಂದ ಅಣ್ಣ.

ಸಿಗಲಿಲ್ಲ. ಕಂಡಿಕೆ ಸುತ್ತಿದ ನನಗೆ ಮಾತ್ರ ಗೊತ್ತಿತ್ತು, ದಡಿಯಲ್ಲಿ ಎಷ್ಟನೆಯ ಹೂವಿನ ಹತ್ತಿರ, ಆಸ್ಪತ್ರೆಗೆ ಹೋದ ದಿನ, ಮಗ್ಗ ನಿಂತಿತ್ತೆಂದು. ನಾನು ಆ ಹೂವಿನ ಮೇಲೆ ಕೈಯಾಡಿಸಿದೆ. ಬೆರಳಿಗೂ ಏನೂ ಸಿಗಲಿಲ್ಲ. ನಮ್ಮ ವಂಶದಲ್ಲಿ ಹುಟ್ಟಿದ್ದಕ್ಕೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ.

ಕನ್ನಡಿ ಬಂದದ್ದು ಆ ದಿನಗಳಲ್ಲೇ. ಅಣ್ಣನದು ಗಡ್ಡ ಹೆರೆದುಕೊಳ್ಳುವ ದುಂಡನೆಯ ಕನ್ನಡಿ, ಹಸಿರು ಪ್ಲಾಸ್ಟಿಕ್ಕಿನ ಅಂಚು. ಕುಣಿಯ ಗೋಡೆಯಲ್ಲಿ ಲಾಳಿಗೆ ಹಚ್ಚುವ ಎಣ್ಣೆ ಬಾಟಲಿ ಇಡುವ ಗೂಡಿರುತ್ತದೆ. ಎಣ್ಣೆ ಬಾಟಲಿ ತೆಗೆದು ಅಲ್ಲಿ ಕನ್ನಡಿ ಇಟ್ಟ. ನಮ್ಮಲ್ಲಿ ಬೆಳಗ್ಗೆ ಮಗ್ಗಕ್ಕೆ ಕೈ ಮುಗಿದು ಕುಣಿಗೆ ಕಾಲಿಡುವುದು ಪದ್ಧತಿ. ಅವನು ಕೈ ಮುಗಿದ ಮೇಲೆ ದಡದ ಮೇಲೆ ಕುಳಿತು, ಕಾಲು ಮಡಿಚಿ, ಕನ್ನಡಿಯನ್ನು ಅಂಗಾಲಿನ ಕೆಳಗೆ ಹಿಡಿದು ನೋಡುತ್ತಿದ್ದ. ಹಿಮ್ಮಡಿ, ಬೆರಳ ಸಂದು, ಎಲ್ಲ. ಕಾಲಿಗೆ ತಿಳಿಯದ್ದನ್ನು ಕಣ್ಣಿಂದ ನೋಡಿ ತಿಳಿಯಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅಣ್ಣ ಅದನ್ನು ಪೂಜೆಯೊಳಗೆ ಸೇರಿಸಿಬಿಟ್ಟ.

ಓಣಿಯವರು ನಗುತ್ತಿದ್ದರು. "ಕಾಲಿಗೆ ಪೌಡರ ಹಚ್ಚೂದು ಯಾವಾಗಪಾ?" ಎಂದು ಪಕ್ಕದ ಮನೆಯ ನೇಕಾರ ಕೇಳಿದ.

"ಮದ್ಲ ನಿಂದು ತೋರ್ಸು. ನಿನಗ ಪೌಡರ ಸಾಕೋ ಸುಣ್ಣಾ ಬೇಕೋ ನೋಡೂಣು" ಎಂದ ಅಣ್ಣ, ಅವನ ಕಾಲನ್ನು ಹಿಡಿದೇಬಿಟ್ಟ. ಕನ್ನಡಿ ಹಿಡಿದರೆ ಹಿಮ್ಮಡಿಯಲ್ಲಿ ಒಂದು ಸಣ್ಣ ಮೊಳೆ ಇತ್ತು. ತಲೆ ಮಾತ್ರ ಕಾಣುವಷ್ಟು ಒಳಗೆ ಹೋಗಿತ್ತು. ಅವನಿಗೆ ಅದು ಯಾವಾಗ ಹೊಕ್ಕಿತೋ ಗೊತ್ತೇ ಇರಲಿಲ್ಲ. ನಗು ನಿಂತುಹೋಯಿತು. ಆ ದಿನವೇ ಅಣ್ಣ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ಸಕ್ಕರೆ ಇತ್ತು. ಕಾಲು ಉಳಿಯಿತು. ಆ ತಿಂಗಳು ಮುಗಿಯುವುದರೊಳಗೆ ನಮ್ಮ ಓಣಿಯ ಎಷ್ಟೋ ಕುಣಿಗಳ ಗೂಡಿನಲ್ಲಿ ಕನ್ನಡಿ ಬಂದಿತ್ತು. ಕುಣಿಜೋಮು ಎಂಬ ಮಾತನ್ನು ಅಣ್ಣ ಯಾರ ಬಾಯಲ್ಲೂ ಉಳಿಯಗೊಡಲಿಲ್ಲ. "ಕುಣಿಗಿ ಯಾಕ ಬೈತೀರಿ? ರಕ್ತಾ ತೋರಿಸ್ರಿ" ಎನ್ನುತ್ತಿದ್ದ.

ಆಮೇಲೆ ಅವನು ಎಲ್ಲಿ ಹೋದರೂ ಅದೇ ಮಾತು. ಲಕ್ಷ್ಮೇಶ್ವರ, ಶಿರಹಟ್ಟಿ, ಎಲ್ಲಿ ನೆಂಟರ ಮನೆಯ ಕಾರ್ಯವಿದ್ದರೂ ಊಟದ ನಂತರ ನಾಲ್ಕು ಜನರನ್ನು ಕೂರಿಸಿಕೊಂಡು ಚಪ್ಪಲಿ ಕಳಚಿ ತನ್ನ ಅರ್ಧ ಪಾದ ತೋರಿಸುತ್ತಿದ್ದ. ಮುಂಡರಗಿಯ ಒಂದು ಮದುವೆಯಲ್ಲಿ ಬೀಗರ ಅಂಗಾಲನ್ನೂ ನೋಡದೆ ಬಿಡಲಿಲ್ಲ. ವೈನಿ ನಾಚಿ ಕಂಬದ ಹಿಂದೆ ನಿಂತಿದ್ದಳು. ಅವನು ಹೇಳುವ ಕಥೆ ಯಾವಾಗಲೂ ಒಂದೇ.

"ನೋಡ್ರಿ, ಹುಂಬ ಅಂದ್ರ ನಾನು. ಥಂಡಿ ಅಂತ ನಾನ ಶೇಗಡಿ ಇಟಗೊಂಡೆ. ಕಾಲು ಬೇಯಾಕ ಹತ್ತಿದ್ರೂ ನನಗ ಖಬರಿಲ್ಲ. ಪಕ್ಕದಾಗ ಕುಂತ ನಮ್ಮ ತಂಗಿಗೆ ವಾಸನಿ ಬಂತು, ಆಕಿ ಬಂದು ಎಳದ್ಲು. ಇಲ್ಲಾಂದ್ರ ಪೂರಾ ಕಾಲ ಹೋಗತಿತ್ತು."

ಆಗ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ಹೆಂಗಸರು ನನ್ನ ಕೈ ಹಿಡಿದು, "ನೀ ಇದ್ದಿ ಅಂತ ಉಳದ್ರು ನೋಡವಾ" ಎನ್ನುತ್ತಿದ್ದರು. ನಾನು ತಲೆ ಬಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ಹತ್ತು ವರ್ಷ ನಾನು ಆ ಹೊಗಳಿಕೆಯನ್ನು ಉಂಡೆ. ನನ್ನ ತಪ್ಪೇನು ಎಂದು ಯಾರಾದರೂ ಕೇಳಿದರೆ ಶೇಗಡಿ ಇಟ್ಟದ್ದನ್ನು ನಾನು ಎರಡನೆಯದಾಗಿ ಹೇಳುತ್ತೇನೆ. ಅದು ತಿಳಿಯದೆ ಮಾಡಿದ್ದು. ಆ ಏಳು ದಿನದ ಅರಿವೆ, ಆ ಹತ್ತು ವರ್ಷದ ಬಗ್ಗಿದ ತಲೆ, ಇವು ತಿಳಿದು ಮಾಡಿದ್ದು.

ಒಮ್ಮೆ ಮಾತ್ರ ಧೈರ್ಯ ಮಾಡಿದೆ. ಅದೇ ಮುಂಡರಗಿಯ ಮದುವೆ. ಎಲ್ಲರ ಮುಂದೆ, "ಇಲ್ಲರಿ, ಶೇಗಡಿ ಹೊತ್ತಿಸಿದಾಕಿ..." ಎಂದು ಬಾಯಿ ತೆರೆದೆ. ಅಣ್ಣ ನಡುವೆಯೇ ನುಗ್ಗಿದ.

"ಈಕಿಗೆ ಬೆಂಕಿ ಹೊತ್ತಸಾಕ ಬರತಿದ್ರ ನಮಗ ಒಂದ ದಿನರೆ ಬಿಸಿ ಚಾ ಸಿಗತಿತ್ತು. ಸುಮ್ನ ಕುಂಡ್ರ, ತಂಗೀ."

ಎಲ್ಲರೂ ನಕ್ಕರು. ವಾಪಸ್ಸು ಬರುವಾಗ ವೈನಿ ಬಸ್ಸಿನ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅಣ್ಣ ಮೆಲ್ಲಗೆ ಹೇಳಿದ:

"ನೀ ಇಟ್ಟಿ ಅಂದ್ರ ಮಂದಿ ನಿನ್ನ ಕತಿ ಹೇಳತಾರ, ಕಾಲಿನ ಕತಿ ಬಿಡತಾರ. ನನಗ ಕಾಲಿನ ಕತಿ ಬೇಕು."

ಅವನು ನನ್ನನ್ನು ಕಾಯುತ್ತಿದ್ದನೋ, ತನ್ನ ಕೆಲಸವನ್ನು ಕಾಯುತ್ತಿದ್ದನೋ... ಎರಡೂ ಇರಬೇಕು.

ಕೊನೆಯ ವರ್ಷಗಳಲ್ಲಿ ಸಕ್ಕರೆ ಅವನ ಕಣ್ಣಿಗೆ ಇಳಿಯಿತು. ಗುಳಿಗೆ ಶುರುವಾಗುವ ಮೊದಲೇ ಕಣ್ಣಿನ ಹಿಂದಿನ ಪರದೆಗೆ ಪೆಟ್ಟು ಬಿದ್ದಿತ್ತಂತೆ. ಚಿಕಿತ್ಸೆ ಮಾಡಿಸಿದ, ಇದ್ದಷ್ಟು ದೃಷ್ಟಿ ನಿಂತಿತು, ಆದರೆ ಸಣ್ಣ ಎಳೆ ಕಾಣದಾಯಿತು. ಒಂದು ದಿನ ಅವನು ಕುಣಿಯಿಂದೆದ್ದು, "ಕಂಡಿಕಿ ಸುತ್ತಿದ್ದು ಸಾಕು, ಇಳಿ ಕೆಳಗ" ಎಂದ. ವಯಸ್ಸಾದ ಮೇಲೆ ನನಗೆ ನೇಯುವುದನ್ನು ಕಲಿಸಿದ. ಪಕ್ಕದಲ್ಲಿ ಕುಳಿತು ಕಿವಿಯಿಂದಲೇ ನನ್ನ ತಪ್ಪು ಹಿಡಿಯುತ್ತಿದ್ದ. ಅಪ್ಪನ ರಕ್ತ ನನ್ನಲ್ಲೂ ಇದೆ ಎಂದು ನನ್ನನ್ನೂ ವರ್ಷಕ್ಕೊಮ್ಮೆ ಆಸ್ಪತ್ರೆಗೆ ಕಳಿಸುತ್ತಿದ್ದ. ಮೂರನೆಯ ಸಲಕ್ಕೆ ನನಗೂ ಇದೆ ಎಂದು ತಿಳಿಯಿತು. ಶುರುವಿನಲ್ಲೇ ಸಿಕ್ಕಿತು. "ಬಾ, ನಮ್ಮ ಸಂಘಕ್ಕ ಬಂದಿ" ಎಂದು ಕನ್ನಡಿಯನ್ನು ನನ್ನ ಕೈಗೆ ಕೊಟ್ಟ. ದಿನವೂ ಬೆಳಗ್ಗೆ, "ನೋಡಕೊಂಡ್ಯಾ?" ಎಂದು ಕೇಳುತ್ತಿದ್ದ. "ನೋಡಕೊಂಡೆ, ಚಂದ ಅದಾವ" ಎನ್ನದೆ ನಾನು ಕುಣಿಗೆ ಇಳಿಯುವ ಹಾಗಿರಲಿಲ್ಲ.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಬೆಳಗ್ಗೆ ಹಾಗೆ ಕೇಳಿ ಮುಗಿಸಿದವನ ಹಣೆಯ ಮೇಲೆ ಬೆವರು ಕಂಡಿತು. ಅಂಗಿ ತೊಯ್ದಿತ್ತು. ಎದೆ ನೋಯುತ್ತದೆಯೇ ಎಂದು ಕೇಳಿದೆ. "ಏನೂ ಇಲ್ಲ, ದಣದಂಗ ಆಗೇತಿ, ನಿಮ್ಮ ವೈನಿಗೆ ಹೇಳಬ್ಯಾಡ" ಎಂದ. ಆ ಮಾತು ಕೇಳಿದ್ದೇ ನಾನು ಕುಣಿಯಿಂದ ಹಾರಿ, ಓಣಿಗೆಲ್ಲ ಕೇಳುವ ಹಾಗೆ ವೈನಿಯನ್ನು ಕೂಗಿದೆ. ಐದು ನಿಮಿಷದಲ್ಲಿ ಆಟೋದಲ್ಲಿದ್ದೆವು. ಆಸ್ಪತ್ರೆಯಲ್ಲಿ ದೊಡ್ಡ ಹೃದಯಾಘಾತ ಎಂದರು. ಸಕ್ಕರೆಯವರಿಗೆ ಕೆಲವು ಸಲ ಎದೆಯೂ ಕಾಲಿನ ಹಾಗೇ ಮೂಕಾಗುತ್ತದಂತೆ. ನೋವೇ ಇಲ್ಲದೆ ಬರುತ್ತದಂತೆ. ನಾನು ಒಮ್ಮೆಯಾದರೂ ಸರಿಯಾದದ್ದನ್ನು ಸರಿಯಾದ ಹೊತ್ತಿಗೆ ಮಾಡಿದ್ದೆ. ಅದು ಸಾಲಲಿಲ್ಲ. ಮೂರು ದಿನ ಇದ್ದ. ಎರಡನೆಯ ದಿನ ನನ್ನನ್ನು ನೋಡಿ, "ಇವತ್ತ ಕಾಲು ನೋಡೀಯೇನು?" ಎಂದು ಕೇಳಿದ. ಸೆರಗಿನಲ್ಲಿ ಕನ್ನಡಿ ತಂದಿದ್ದೆ. ಅವನ ಕಾಲಿಗೆ ಹಿಡಿದು ತೋರಿಸಿದೆ. "ಚಂದ ಅದಾವ" ಎಂದ. ತಪ್ಪಾಯಿತು ಎಂದು ಹೇಳಲು ನನಗೆ ಇನ್ನೊಂದು ದಿನ ಸಿಗುತ್ತದೆ ಅಂದುಕೊಂಡಿದ್ದೆ...

ವರ್ಷದ ಕಾರ್ಯದ ದಿನ ನೆಂಟರೆಲ್ಲ ಸೇರಿದ್ದರು. ಊಟದ ಮೇಲೆ ಯಾರೋ, "ಅಣ್ಣಾರು ಇಲ್ಲ, ಕಾಲಿನ ಕತಿ ನೀನರೆ ಹೇಳವಾ, ಹೊಸಾ ಹುಡುಗ್ರು ಕೇಳಲಿ" ಎಂದರು. ಎದ್ದು ನಿಂತು ಶುರುಮಾಡಿದೆ. ಶೇಗಡಿಯವರೆಗೆ ಬಂದೆ. ಆಮೇಲೆ ಹೇಳಿದೆ, "ಶೇಗಡಿ ಇಟ್ಟಾಕಿ ನಾನು. ಏಳು ದಿನಾ ಮುಚ್ಚಿಟ್ಟಾಕಿನೂ ನಾನು."

ವೈನಿ ಎದ್ದು ಅಡುಗೆಮನೆಗೆ ಹೋದಳು.

ಒಂದೂವರೆ ತಿಂಗಳು ವೈನಿ ನನ್ನೊಡನೆ ಮಾತಾಡಲಿಲ್ಲ. ನಾನು ಬಂದು ಮಗ್ಗದ ಮೇಲೆ ಕೂರುತ್ತಿದ್ದೆ, ಅವಳು ಒಳಗಿರುತ್ತಿದ್ದಳು. ಕಂಡಿಕೆ ಸುತ್ತಿ ಬುಟ್ಟಿಯಲ್ಲಿಟ್ಟು ಹೋಗುತ್ತಿದ್ದಳು. ಕಂಡಿಕೆ ಮಾತ್ರ ಒಂದೂ ಸಡಿಲಿರಲಿಲ್ಲ. ಒಂದು ಬೆಳಗ್ಗೆ ಬುಟ್ಟಿ ಇಟ್ಟವಳು ಅಲ್ಲೇ ನಿಂತಳು.

"ನಾಳೆ ಹಿರೇಹಂದಿಗೋಳದಾಗ ಹೆಣ್ಮಕ್ಕಳು ಕೂಡತಾರಂತ. ಸಕ್ಕರಿ ಬ್ಯಾನಿ ಬಗ್ಗೆ ಹೇಳ್ರಿ ಅಂತ ಹೇಳಿ ಕಳಿಸ್ಯಾರ."

"ನಾ ಏನ್ ಹೇಳ್ಲಿರಿ ವೈನೀ..."

"ನಿಂದ ಹೇಳು. ಅವ್ರು ಹೇಳತಿದ್ದದ್ದು ಗಂಡಸರ ಕತಿ. ಚಾಕ್ಕ ಸಕ್ಕರಿ ಸುರಿಯಾಕಿ, ಗಾಯಕ್ಕ ಅರಿಷಿಣಾ ಹಚ್ಚಿ ಮುಚ್ಚಾಕಿ, ಶೇಗಡಿ ಇಡಾಕಿ, ಎಲ್ಲಾ ನಾವ. ನಮಗೂ ಒಂದ ಕತಿ ಬೇಕು." ಬುಟ್ಟಿಯ ಕಂಡಿಕೆ ಸರಿಪಡಿಸಿ, "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ. ಹೋದಾಗ ಹೇಳತೀನಿ" ಎಂದಳು.

ಮರುದಿನ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅಂದಿನಿಂದ ಕರೆದಲ್ಲೆಲ್ಲ ಹೋಗಿ ಹೇಳುತ್ತಿದ್ದೇನೆ. ಅಣ್ಣನಷ್ಟು ನಗಿಸಲು ನನಗೆ ಬರುವುದಿಲ್ಲ. ಆದರೆ ಮಾತು ಮುಗಿದ ಮೇಲೆ ಯಾರಾದರೂ ಒಬ್ಬಳು ಹತ್ತಿರ ಬಂದು, "ನಮ್ಮ ಮನ್ಯಾವ್ರದೂ ಒಂದ ಗಾಯ ಐತಿರಿ, ಯಾರಿಗೂ ಹೇಳಿಲ್ಲ" ಎಂದು ಮೆಲ್ಲಗೆ ಹೇಳುತ್ತಾಳೆ. ಹಾಗೆ ಹೇಳಿದವಳ ಜೊತೆಗೆ ನಾನೋ ವೈನಿಯೋ ಆಸ್ಪತ್ರೆಯವರೆಗೆ ಹೋಗುತ್ತೇವೆ. ಕಾಲಿನ ಕಥೆಯನ್ನು ಮಂದಿ ಬಿಟ್ಟಿಲ್ಲ ಎಂದು ಅಣ್ಣನಿಗೆ ಹೇಳಬೇಕೆನಿಸುತ್ತದೆ. ಹೇಳಲು ಅವನಿಲ್ಲ.

ಮೊನ್ನೆ ತೆನೆಯ ಗಾಡಿ ದಾಟಿ ಮನೆಗೆ ಬಂದೆ. ಮರುದಿನ ಬೆಳಗ್ಗೆ ಮಗ್ಗಕ್ಕೆ ಕೈ ಮುಗಿದು, ಕುಣಿಯ ದಡದ ಮೇಲೆ ಕುಳಿತು, ಗೂಡಿನ ಕನ್ನಡಿ ತೆಗೆದೆ. ಹಸಿರು ಅಂಚು ಒಂದು ಕಡೆ ಸೀಳಿದೆ, ನೂಲು ಸುತ್ತಿ ಬಿಗಿದಿದ್ದೇನೆ. ಎಡಗಾಲು ನೋಡಿದೆ. ಬಲಗಾಲು ನೋಡಿದೆ. ಕಿರುಬೆರಳಿನ ಕೆಳಗೆ ಒಂದು ಕೆಂಪು ಗೆರೆ. ಹಿಂದಿನ ದಿನ ಅವಸರದಲ್ಲಿ ರಸ್ತೆ ದಾಟುವಾಗ ಚಪ್ಪಲಿಯ ಪಟ್ಟಿ ಕೊಯ್ದಿರಬೇಕು. ನನಗೆ ಉರಿದ ನೆನಪಿಲ್ಲ.

"ನೋಡಕೊಂಡ್ಯಾ?" ಎಂದು ಕೇಳುವ ದನಿ ಬರಬೇಕಾದ ಜಾಗದಿಂದ ಬರಲಿಲ್ಲ. ಸಣ್ಣ ಗೆರೆ. ಸೀರೆ ಮುಕ್ಕಾಲು ಮುಗಿದಿದೆ. ಅರಿಷಿಣ ಹಚ್ಚಿದರೆ ನಾಲ್ಕು ದಿನದಲ್ಲಿ...

"ವೈನೀ," ಎಂದು ಕೂಗಿದೆ. "ಇಲ್ಲೊಂದು ಗಾಯ ಆಗೇತಿ. ಬಂದು ನೋಡ್ರಿ."

ವೈನಿ ಕೈ ಒರೆಸಿಕೊಳ್ಳುತ್ತ ಬಂದಳು. ಕನ್ನಡಕ ಮೂಗಿಗೇರಿಸಿ ನೆಲದ ಮೇಲೆ ಕುಳಿತು, ವಯಸ್ಸಿನಲ್ಲಿ ಹಿರಿಯಳಾದವಳು ನನ್ನ ಕಾಲನ್ನೆತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬಹಳ ಹೊತ್ತು ನೋಡಿದಳು.

"ಏಳು, ಚಪ್ಪಲಿ ಮೆಟ್ಟಕೋ" ಎಂದಳು. "ಆಸ್ಪತ್ರಿ ತಗಿಯೂ ಹೊತ್ತಾತು."